ಇಂಗಿನ ಬ್ರೆಡ್ಡು

ಮೊಟ್ಟೆ ಸ್ಯಾಂಡ್‌ವಿಚ್ ಮಾಡುವುದರಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ರುಚಿಯ ಮಾತಲ್ಲ, ವೇಗದ ಮಾತು. ನಾನು ಮೊಟ್ಟೆ ಒಡೆದು, ಕಲಕಿ, ಬಾಣಲೆಗೆ ಸುರಿದು, ಅದರ ಮೇಲೆ ಬ್ರೆಡ್ಡು ಇಟ್ಟು, ಮಗುಚಿ, ಮಡಚಿ ತಟ್ಟೆಗೆ ಹಾಕುವ ಹೊತ್ತಿಗೆ ನನ್ನ ಗಂಡ ಇನ್ನೂ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಸಾಸ್ ಬಾಟಲಿ ಎಲ್ಲಿದೆ ಎಂದು ಕೇಳುತ್ತಿರುತ್ತಾನೆ. ಇದನ್ನು ಯಾರಾದರೂ ಹೊಗಳಿದರೆ ನನಗೆ ಹೆಮ್ಮೆಯಾಗುವುದಿಲ್ಲ, ಸಣ್ಣಗೆ ಕಿರಿಕಿರಿಯಾಗುತ್ತದೆ. ಒಲೆ ಹಚ್ಚುವ ಮೊದಲು ನನ್ನ ಕೈ ತಾನಾಗಿ ಕಿಟಕಿಯ ಚಿಲಕಕ್ಕೆ ಹೋಗುತ್ತದೆ. ಕಿಟಕಿ ಮುಚ್ಚಿ, ಯಾರಾದರೂ ಬರುತ್ತಿದ್ದಾರೆಯೇ ಎಂದು ಒಂದು ಕ್ಷಣ ಕಿವಿಗೊಟ್ಟು ನಿಂತು, ಆಮೇಲೆಯೇ ಮೊಟ್ಟೆಗೆ ಚಮಚ ತಾಗಿಸುತ್ತೇನೆ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಇದು ದಿನಾ ಬೆಳಗಿನ ತಮಾಷೆ.

"ಯಾರ ಹೆದರಿಕೆ ಅಮ್ಮ ನಿಂಗೆ? ನಮ್ದೇ ಮನೆ, ನಮ್ದೇ ಮೊಟ್ಟೆ. ಪೊಲೀಸ್ನೋರು ಬಂದು ಹಿಡ್ಕೊಂಡ್ ಹೋಗ್ತಾರಾ?"

ಅವಳು ಹೇಳುವುದು ಸರಿ. ಹೊಸಮನೆ ಬಡಾವಣೆಯಲ್ಲಿರುವ ಈ ಮನೆ ನಮ್ಮದೇ. ಹೆದರಿಕೆ ಮಾತ್ರ ವಿನೋಬನಗರದ ಬಾಡಿಗೆ ಮನೆಯದು. ಅಲ್ಲಿಂದ ಸಾಮಾನು ಸಾಗಿಸುವಾಗ ಅದೂ ಗಾಡಿ ಹತ್ತಿ ನಮ್ಮ ಜೊತೆಗೆ ಬಂದುಬಿಟ್ಟಿತು.

ಅದಕ್ಕೂ ಮೊದಲು ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್. ನಮ್ಮ ಸಾಲಿನಲ್ಲಿ ಒಂದು ಮನೆಯಲ್ಲಿ ತಮಿಳು, ಅದರ ಪಕ್ಕ ತೆಲುಗು, ಆಚೆ ತುದಿಯಲ್ಲಿ ಉರ್ದು, ನಡುವೆ ನಾವು. ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಇಡೀ ಸಾಲಿಗೆ ಗೊತ್ತಾಗುತ್ತಿತ್ತು, ಅದರಿಂದ ಯಾರಿಗೂ ತಲೆಬಿಸಿ ಇರಲಿಲ್ಲ. ಮೀನು ಹುರಿದರೆ ಮೊದಲು ಬೆಕ್ಕುಗಳು ಬರುತ್ತಿದ್ದವು, ಆಮೇಲೆ ಮಕ್ಕಳು. ಪಕ್ಕದ ಮನೆಯ ಸೆಲ್ವಿ ಅಕ್ಕನ ಗಂಡನಿಗೂ ಅಪ್ಪನಿಗೂ ಒಂದೇ ಶಿಫ್ಟು. ಬೆಳಗಿನ ಶಿಫ್ಟಿದ್ದಾಗ ಅಮ್ಮನಿಗೆ ರೊಟ್ಟಿ ತಟ್ಟುತ್ತಾ ಕೂರುವಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಅಪ್ಪ ಅರ್ಧ ತಿಂದು ಸೈಕಲ್ ಹತ್ತುವುದು, ಅಮ್ಮ ಇನ್ನರ್ಧ ಹಿಡಿದುಕೊಂಡು ರಸ್ತೆಯವರೆಗೆ ಓಡುವುದು ನಡೆದೇ ಇತ್ತು. ಇದನ್ನು ನೋಡಲಾರದೆ ಸೆಲ್ವಿ ಅಕ್ಕ ಒಂದು ಬೆಳಿಗ್ಗೆ ತನ್ನ ಬಾಣಲೆ ಸಮೇತ ನಮ್ಮ ಅಡುಗೆಮನೆಗೆ ಬಂದಳು.

"ನೋಡು ಜಯಾ, ಮೊಟ್ಟೆ ಬೇರೆ, ಬ್ರೆಡ್ಡು ಬೇರೆ ಮಾಡ್ಬೇಡ ಮಾ. ಮೊಟ್ಟೆ ಹಸಿ ಇದ್ದಾಗ್ಲೇ ಬ್ರೆಡ್ಡು ಮೇಲೆ ಇಟ್ಬಿಡು, ಅದೇ ಅಂಟ್ಕೊಳುತ್ತೆ. ತಿರುಗ್ಸು, ಮಡ್ಚು, ಕೈಗೆ ಕೊಡು. ಫ್ಯಾಕ್ಟ್ರಿ ಸೈರನ್ ನಿಲ್ಲೋದ್ರೊಳ್ಗೆ ಆಗೋಗುತ್ತೆ."

ನಿಜಕ್ಕೂ ಆಗುತ್ತಿತ್ತು. ಎರಡು ಮೊಟ್ಟೆ, ಉಪ್ಪು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ. ಬಿಸಿ ಬಾಣಲೆಯಲ್ಲಿ ಸುರಿದು ಅಗಲ ಮಾಡಿ, ಮೇಲೆ ಎರಡು ತುಂಡು ಬ್ರೆಡ್ಡನ್ನು ಒಂದರ ಪಕ್ಕ ಒಂದು ಮಲಗಿಸಿ, ಒಟ್ಟಿಗೆ ಮಗುಚುವುದು. ಬ್ರೆಡ್ಡಿನ ಹೊರಗೆ ಚಾಚಿಕೊಂಡ ಮೊಟ್ಟೆಯ ಅಂಚನ್ನು ಒಳಕ್ಕೆ ಮಡಚಿ, ಒಂದು ತುಂಡಿನ ಮೇಲೆ ಇನ್ನೊಂದನ್ನು ಮುಚ್ಚಿದರೆ ಮುಗಿಯಿತು. ಅಂಚು ಗರಿಗರಿ, ಒಳಗೆ ಮೆತ್ತಗೆ. ಕ್ವಾರ್ಟರ್ಸಿನಲ್ಲಿ ಅದಕ್ಕೆ ನಾವು ಸ್ಯಾಂಡ್‌ವಿಚ್ ಎಂದು ಹೆಸರಿಟ್ಟುಕೊಂಡಿದ್ದೆವು. ಬೆಂಕಿಯ ಮೇಲೆ ಇರುವಾಗಲೇ ಅದರ ವಾಸನೆ ಆರು ಮನೆ ದಾಟಿ ಹೋಗುತ್ತಿತ್ತು. ಹೋಗಲಿ ಬಿಡು ಎಂದು ಎಲ್ಲ ಬಾಗಿಲೂ ತೆರೆದೇ ಇರುತ್ತಿದ್ದವು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಮ್ಮನಿಗೆ ಶಿವಮೊಗ್ಗದ ವಿನೋಬನಗರದಲ್ಲಿ ಮಕ್ಕಳ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತು. ಚೀಟಿ ಬರೆಯುವುದು, ತೂಕ ನೋಡುವುದು, ಅಳುವ ಮಕ್ಕಳನ್ನು ಹಿಡಿದುಕೊಳ್ಳುವುದು. ಬೆಳಿಗ್ಗೆಯೂ ಸಂಜೆಯೂ ಕ್ಲಿನಿಕ್ಕು ಇರುತ್ತಿದ್ದರಿಂದ ಭದ್ರಾವತಿಯಿಂದ ಓಡಾಡುವುದು ಆಗದ ಮಾತು. ಅಪ್ಪ ಓಡಾಡುವುದು, ನಾವು ಶಿವಮೊಗ್ಗದಲ್ಲಿರುವುದು ಎಂದಾಯಿತು. ಮನೆ ಹುಡುಕಲು ಹೊರಟ ಮೇಲೆ ತಿಳಿಯಿತು, ಮನೆಗಳು ಬೇಕಾದಷ್ಟಿವೆ, ನಮಗೆ ಕೊಡುವವರು ಕಮ್ಮಿ ಎಂದು. ಗೇಟಿನ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು ನೋಡಿ ಒಳಗೆ ಹೋಗುತ್ತಿದ್ದೆವು. ಮೊದಲು ಊರು ಕೇಳುತ್ತಿದ್ದರು, ಆಮೇಲೆ ಅಪ್ಪನ ಕೆಲಸ, ಆಮೇಲೆ ಸ್ವಲ್ಪ ಸುತ್ತಿ ಬಳಸಿ ನಾವು ಯಾವ ಜನ ಎಂದು. ನಾವು ಮಾಂಸ ತಿನ್ನುವ ಜನ ಎಂದು ಗೊತ್ತಾದ ಕೂಡಲೇ ಆ ಮನೆಗೆ ಆಗಲೇ ಯಾರೋ ಅಡ್ವಾನ್ಸ್ ಕೊಟ್ಟು ಹೋಗಿರುತ್ತಿದ್ದರು. ನಾನು ಅಮ್ಮನ ಮುಖ ನೋಡಿಕೊಂಡು, ಮುಂದಿನ ಗೇಟು ಬರುವುದೇ ಬೇಡ ಎಂದುಕೊಳ್ಳುತ್ತಾ ನಡೆಯುತ್ತಿದ್ದೆ.

ಕೊನೆಗೆ ಕ್ಲಿನಿಕ್ಕಿನ ಹಿಂದಿನ ರಸ್ತೆಯಲ್ಲಿ ಮಹದೇವಪ್ಪನವರ ಮನೆ. ಮುಂಭಾಗದಲ್ಲಿ ಅವರು, ಅವರ ಹೆಂಡತಿ ಪಾರ್ವತಮ್ಮ, ಮಗಳ ಮಗಳು ಮಾನಸ. ಹಿಂದಿನ ಎರಡು ರೂಮು, ಒಂದು ಅಡುಗೆಮನೆ ಬಾಡಿಗೆಗೆ. ಹಿತ್ತಲು, ನಲ್ಲಿ, ಬಟ್ಟೆ ಒಗೆಯುವ ಕಲ್ಲು ಎರಡೂ ಮನೆಗೆ ಒಂದೇ. ಮಹದೇವಪ್ಪನವರು ಹಣೆಯ ತುಂಬ ವಿಭೂತಿ ಬಳಿದುಕೊಂಡ, ಬಹಳ ಮರ್ಯಾದಸ್ಥ ಮನುಷ್ಯ. ಜಾತಿ ಕೇಳುವುದು ಸಭ್ಯತೆಯಲ್ಲ ಎಂದು ನಂಬಿದವರು. ಹಾಗಾಗಿ ಅವರು ಅಪ್ಪನನ್ನು ಕೂರಿಸಿ ಕೇಳಿದ್ದು ಇಷ್ಟೇ:

"ನಿಮ್ಮ ಮನೆದೇವರು ಯಾವುದು?"

"ವೀರಭದ್ರ ದೇವರು."

"ಹೌದಾ! ನಮ್ದೂ ಅದೇ ಅಲ್ವಾ! ಬನ್ನಿ ಬನ್ನಿ, ಒಳಗೆ ಬನ್ನಿ. ಪಾರ್ವತೀ, ಕಾಫಿ ತಗೊಂಬಾ."

ಅವರಿಗೆ ಅಷ್ಟು ಸಾಕಾಯಿತು. ವೀರಭದ್ರನ ಒಕ್ಕಲು ಎಂದರೆ ತಮ್ಮ ಹಾಗೆಯೇ ಶುದ್ಧ ಸಸ್ಯಾಹಾರಿಗಳು ಎಂದು ಅವರ ಲೆಕ್ಕ. ನಮ್ಮ ಮನೆಯ ದೇವರಿಗೂ ಹೂವು ಹಣ್ಣು ಕಾಯಿ ಬಿಟ್ಟರೆ ಬೇರೇನೂ ಆಗುವುದಿಲ್ಲ. ಆದರೆ ದೇವರ ಊಟ ದೇವರಿಗೆ, ನಮ್ಮ ಊಟ ನಮಗೆ. ಸೋಮವಾರ, ಶನಿವಾರ ಬಿಟ್ಟರೆ ಕೋಳಿಯನ್ನು ನಾವು ಎಂದೂ ಬೇಡ ಎಂದವರಲ್ಲ. ಕಾಫಿ ಕುಡಿದು ಹೊರಗೆ ಬಂದ ಮೇಲೆ ಅಮ್ಮ ತಿರುವಿನಲ್ಲಿ ನಿಂತು ಅಂದಳು:

"ಹೇಳ್ಬೇಕಿತ್ತು ರೀ ಅವ್ರಿಗೆ."

"ಏನು ಹೇಳೋದು? ದೇವರ ಹೆಸರು ಕೇಳಿದ್ರು, ಹೇಳ್ದೆ. ಊಟದ ವಿಷಯ ಕೇಳ್ಲೇ ಇಲ್ಲ ಮಾರಾಯ್ತಿ. ಮನೇಲಿ ಮಾಡದೇ ಇದ್ರಾಯ್ತು. ಬೇಕು ಅನ್ಸಿದ್ರೆ ಭದ್ರಾವತಿಗೆ ಹೋಗಿ ತಿನ್ಕೊಂಡು ಬರೋಣ."

ಹಾಗೇ ನಡೆದುಕೊಂಡೆವು ಕೂಡ. ಆದರೆ ಆ ಮಳೆಗಾಲದಲ್ಲಿ ನನಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟ ಮೇಲೆ ನನ್ನ ಫ್ರಾಕುಗಳು ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಎರಡು ಬೀದಿ ಆಚೆಯ ಸ್ಕೂಲಿಗೆ ನಡೆದುಹೋಗಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದೆ. ಅಮ್ಮ ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಡಾಕ್ಟರು ನನ್ನ ರೆಪ್ಪೆ ಎಳೆದು ನೋಡಿ, ಟಾನಿಕ್ಕಿನ ಚೀಟಿ ಬರೆಯಲು ಹೋದವರು ಪೆನ್ನು ಕೆಳಗಿಟ್ಟರು.

"ಟಾನಿಕ್ ಎಲ್ಲ ಆಮೇಲೆ. ದಿನಾ ಬೆಳಿಗ್ಗೆ ಮೊಟ್ಟೆ ಕೊಡಿ ಜಯಾ. ತಪ್ಪಿಸ್ಬೇಡಿ. ಈ ಹುಡುಗಿ ಮೈಯಲ್ಲಿ ಏನೂ ಇಲ್ಲ."

ಇನ್ನೊಬ್ಬರ ಮನೆಯಲ್ಲಿ ಸಾಮಾನ್ಯವಾದ ಆ ಮಾತು ನಮ್ಮ ಮನೆಯಲ್ಲಿ ಬಾಂಬಿನಂತೆ ಬಿತ್ತು. ಮೊಟ್ಟೆ ತಿನ್ನಿಸದಿದ್ದರೆ ನಾನು ಮಲಗುತ್ತೇನೆ, ತಿನ್ನಿಸಿದ್ದು ಗೊತ್ತಾದರೆ ಮನೆ ಹೋಗುತ್ತದೆ. ಮನೆ ಹೋದರೆ ಅಮ್ಮನ ಕೆಲಸ, ನನ್ನ ಸ್ಕೂಲು ಎರಡೂ ಹೋಗುತ್ತವೆ, ಮತ್ತೆ ಆ ಗೇಟುಗಳ ಮುಂದೆ ನಿಲ್ಲಬೇಕು. ಅಪ್ಪ ಅಮ್ಮ ಈ ಬಗ್ಗೆ ಜಗಳವಾಡಿದ್ದು ಮಿಕ್ಸಿಯ ಸದ್ದಿನಲ್ಲಿ. ಗೋಡೆಯ ಆಚೆಯೇ ಮಹದೇವಪ್ಪನವರ ದೇವರ ಕೋಣೆ, ಗೋಡೆಯ ಮೇಲ್ಭಾಗದಲ್ಲಿ ಜಾಲರಿಯಿದ್ದ ಗಾಳಿಕಂಡಿ. ಹಾಗಾಗಿ ನಮ್ಮ ಮನೆಯಲ್ಲಿ ಜೋರಾಗಿ ಮಾತಾಡಬೇಕೆಂದರೆ ಮಿಕ್ಸಿ ಹಾಕಬೇಕಿತ್ತು. ಅಮ್ಮ ಕಾಯಿತುರಿ ಹಾಕಿ ಗುಂಡಿ ತಿರುಗಿಸುವುದು, ಅಪ್ಪ ಅವಳ ಕಿವಿಯ ಬಳಿ ಕೂಗುವುದು. ಆ ವಾರ ನಾವು ಬಹಳ ಚಟ್ನಿ ತಿಂದೆವು.

ಕೊನೆಗೆ ಒಂದು ವ್ಯವಸ್ಥೆ ಸಿದ್ಧವಾಯಿತು. ಓಣಿಯ ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವ ಹಾಗಿರಲಿಲ್ಲ, ಅಂಗಡಿಯವನು ಪಾರ್ವತಮ್ಮನಿಗೆ ದೂರದ ಸಂಬಂಧ. ಅಪ್ಪ ಭದ್ರಾವತಿಯಲ್ಲಿ ಕೊಂಡು, ಒಂದೊಂದನ್ನೇ ಪೇಪರಿನಲ್ಲಿ ಸುತ್ತಿ, ಮಧ್ಯಾಹ್ನದ ಊಟದ ಟಿಫನ್ ಕ್ಯಾರಿಯರ್ರಿನೊಳಗೆ ಜೋಡಿಸಿ, ಪ್ರೈವೇಟ್ ಬಸ್ಸಿನ ನೂಕುನುಗ್ಗಲಿನಲ್ಲಿ ಅದನ್ನು ಎದೆಗೆ ಅವುಚಿಕೊಂಡು ತರುತ್ತಿದ್ದ. ಜಗಲಿಯಲ್ಲಿ ಕೂತಿರುತ್ತಿದ್ದ ಮಹದೇವಪ್ಪನವರು ವಿಚಾರಿಸುವರು:

"ಏನ್ ಸ್ವಾಮಿ, ಕ್ಯಾರಿಯರ್ ಭಾರ ಇದ್ದಂಗಿದೆ. ಊಟ ಮಾಡ್ಲಿಲ್ವಾ ಇವತ್ತು?"

"ಹೊಟ್ಟೆ ಸರಿ ಇರ್ಲಿಲ್ಲ ಸಾರ್."

"ಮಜ್ಜಿಗೆ ಕುಡೀರಿ. ಪಾರ್ವತೀ, ಇವ್ರಿಗೊಂದು ಲೋಟ ಮಜ್ಜಿಗೆ."

ಮೊಟ್ಟೆ ತುಂಬಿದ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಬರುತ್ತಿದ್ದ. ಒಳಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು.

ಔಷಧಿಯ ಲೆಕ್ಕವೆಂದು ಸೋಮವಾರ, ಶನಿವಾರವನ್ನೂ ನೋಡಲಿಲ್ಲ. ಮೊಟ್ಟೆ ಮಾಡುವುದಕ್ಕೆ ಒಂದೇ ಸಮಯ. ಬೆಳಿಗ್ಗೆ ಪಾರ್ವತಮ್ಮ ಪೂಜೆಗೆ ಕೂತಾಗ. ಆಚೆ ಊದಿನಕಡ್ಡಿ, ಲೋಬಾನದ ಹೊಗೆ, ಗಂಟೆ ಶುರುವಾಯಿತು ಎಂದರೆ ಈಚೆ ಅಮ್ಮ ಒಲೆ ಹಚ್ಚುವಳು. ಗಂಟೆ ನಿಂತು ಮಂಗಳಾರತಿ ತಟ್ಟೆ ಕೆಳಗಿಡುವ ಸದ್ದು ಕೇಳುವುದರೊಳಗೆ ಬಾಣಲೆ ತೊಳೆದಾಗಿರಬೇಕು. ಸೆಲ್ವಿ ಅಕ್ಕ ಸೈರನ್ನಿಗೆ ಕಲಿಸಿದ್ದು ಇಲ್ಲಿ ಗಂಟೆಗೆ ಒದಗಿತು. ಈರುಳ್ಳಿ ಬಿಟ್ಟೆವು, ಅದು ವಾಸನೆ ಎಬ್ಬಿಸಿ ಊರಿಗೆ ಸಾರುತ್ತದೆ ಎಂದು. ಅದರ ಬದಲು ಅಮ್ಮ ಕಾದ ಎಣ್ಣೆಗೆ ಇಂಗು ಹಾಕುತ್ತಿದ್ದಳು, ಕೈ ಬಿಚ್ಚಿ ಹಾಕುತ್ತಿದ್ದಳು. ಮೊಟ್ಟೆ ಬೀಳುವ ಮೊದಲೇ ಇಂಗಿನ ಘಾಟು ಅಡುಗೆಮನೆಯನ್ನೆಲ್ಲ ಆಕ್ರಮಿಸಿಕೊಳ್ಳುತ್ತಿತ್ತು. ಇಂಗಿನ ಒಗ್ಗರಣೆಯ ಮನೆಯನ್ನು ಅನುಮಾನಿಸುವವರು ಯಾರು? ನಾನು ಬಾಗಿಲ ಬಳಿ ನಿಂತು ಗಂಟೆ ಕೇಳುತ್ತಾ, ಅಮ್ಮನಿಗೆ ಕಣ್ಣಿನಲ್ಲೇ ವರದಿ ಕೊಡುತ್ತಾ, ಬಿಸಿ ಬಿಸಿ ತುತ್ತನ್ನು ನಾಲಿಗೆ ಸುಟ್ಟುಕೊಂಡು ನುಂಗುತ್ತಿದ್ದೆ. ಬಾಣಲೆಯನ್ನು ಕಡಲೆಹಿಟ್ಟು, ಚಹಾದ ಚರಟ ಹಾಕಿ ಉಜ್ಜುವುದು ನನ್ನ ಕೆಲಸ. ಓಡುಗಳನ್ನು ಅಮ್ಮ ಪುಡಿಮಾಡಿ, ಬ್ರೆಡ್ಡಿನ ಕವರಿನಲ್ಲಿ ಗಂಟುಕಟ್ಟಿ, ತನ್ನ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಕ್ಲಿನಿಕ್ಕಿನ ಕಸದ ಬುಟ್ಟಿಗೆ ಹಾಕುವಳು. ಒಂದು ದಿನ ಬೀದಿನಾಯಿ ಅವಳ ಬ್ಯಾಗನ್ನೇ ಮೂಸುತ್ತಾ ಹಿಂಬಾಲಿಸಿತು. ಗೇಟಿನಲ್ಲಿ ನಿಂತ ಮಹದೇವಪ್ಪನವರು, ನಾಯಿಗೂ ನಿಮ್ಮ ಮೇಲೆ ಎಷ್ಟು ವಿಶ್ವಾಸ ನೋಡಮ್ಮ ಎಂದು ನಕ್ಕರಂತೆ. ಅಮ್ಮ ಬ್ಯಾಗನ್ನು ಸೆರಗಿನೊಳಗೆ ಮುಚ್ಚಿಕೊಂಡು ಬೇಗ ಬೇಗ ನಡೆದಳಂತೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಪಾರ್ವತಮ್ಮನ ಹೆಜ್ಜೆಗೆ. ಅವರು ಬಾಗಿಲು ತಟ್ಟುವವರಲ್ಲ. ಹಿತ್ತಲ ಬಾಗಿಲಿನಿಂದ ಸೀದಾ ಒಳಗೆ ಬರುವರು, ಕೈಯಲ್ಲಿ ಯಾವಾಗಲೂ ಏನಾದರೂ ಮುಚ್ಚಿದ ಬಟ್ಟಲು. ಕಾಯಿಹೋಳಿಗೆ, ಶೇಂಗಾ ಚಟ್ನಿಪುಡಿ, ಉಳಿದ ಪಾಯಸ. ನನಗೆ ಟೈಫಾಯ್ಡ್ ಇದ್ದಾಗ ಅಮ್ಮ ಕ್ಲಿನಿಕ್ಕಿಗೆ ಹೋದ ಹೊತ್ತಿನಲ್ಲಿ ನನ್ನ ತಲೆಗೆ ಒದ್ದೆಬಟ್ಟೆ ಹಾಕುತ್ತಾ ಕೂತದ್ದು ಅವರೇ. ಗಂಜಿ ಕುಡಿಸುವಾಗ, ಒಂದು ಗುಟುಕು ಕಣವ್ವಾ, ಇನ್ನೊಂದೇ ಗುಟುಕು ಎಂದು ಬೇಡಿಕೊಳ್ಳುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವರ ಹೆಜ್ಜೆ ಕೇಳಿದರೆ ಓಡಿಹೋಗಿ ಅಪ್ಪಿಕೊಳ್ಳಬೇಕೆಂದೂ ಬಾಗಿಲು ಹಾಕಿಬಿಡಬೇಕೆಂದೂ ಒಟ್ಟಿಗೇ ಅನ್ನಿಸುತ್ತಿತ್ತು.

ಎಡವಟ್ಟಾದದ್ದು ಒಂದು ಗೃಹಪ್ರವೇಶದ ದಿನ. ಯಾರದೋ ಮನೆಗೆ ಹೋಗಬೇಕೆಂದು ಪಾರ್ವತಮ್ಮ ಆವತ್ತು ಪೂಜೆಯನ್ನು ಚುಟುಕಾಗಿ ಮುಗಿಸಿದರು. ಗಂಟೆ ಶುರುವಾಯಿತು, ನಿಂತಿತು. ಅಮ್ಮ ಆಗಷ್ಟೇ ಬ್ರೆಡ್ಡು ಮಗುಚಿದ್ದಳು. ಹಿತ್ತಲಿನಲ್ಲಿ ಬಳೆ ಸದ್ದು. ಅಮ್ಮ ಒಂದು ಕ್ಷಣ ಬಾಣಲೆಯನ್ನು, ಬಾಗಿಲನ್ನು, ನನ್ನನ್ನು ನೋಡಿದಳು. ಅಲ್ಲೇ ತೆರೆದಿದ್ದ ನನ್ನ ಸ್ಕೂಲಿನ ಡಬ್ಬಿಗೆ ಸ್ಯಾಂಡ್‌ವಿಚ್ಚನ್ನು ತುರುಕಿ ಮುಚ್ಚಳ ಒತ್ತಿದಳು. ಬಾಣಲೆಗೆ ನೀರು ಸುರಿದದ್ದೇ ಭಸ್ಸೆಂದು ಹೊಗೆ ಎದ್ದಿತು.

"ಅಯ್ಯೋ, ಏನ್ ಇಂಗು ಹಾಕ್ತೀಯೇ ಜಯಾ! ಬೀದಿ ತನಕ ಘಮ್ ಅಂತಿದೆ. ತಗೋ, ಸೇವಂತಿಗೆ. ಮುಡ್ಕೊಂಡು ಹೋಗು ಕೆಲಸಕ್ಕೆ."

ಅಮ್ಮ ಬೆನ್ನು ತಿರುಗಿಸಿ ಬಗ್ಗಿದಳು, ಪಾರ್ವತಮ್ಮ ಹೂವು ಮುಡಿಸಿದರು. ಡಬ್ಬಿ ಬದಲಿಸಲು ಆಮೇಲೆ ಸಮಯವೇ ಸಿಗಲಿಲ್ಲ. ಪಾರ್ವತಮ್ಮನೇ ನನ್ನನ್ನೂ ಮಾನಸಳನ್ನೂ ಒಟ್ಟಿಗೆ ಕೈಹಿಡಿದುಕೊಂಡು ಸ್ಕೂಲಿನ ಗೇಟಿಗೆ ಬಿಟ್ಟು ಹೋದರು.

ಮಾನಸ ನನ್ನ ಕ್ಲಾಸಿನವಳೇ. ಊಟದ ವಿಷಯದಲ್ಲಿ ಅಜ್ಜಿಯನ್ನು ಅಳಿಸುವವಳು. ದೋಸೆ ಬೇಡ, ಉಪ್ಪಿಟ್ಟು ಬೇಡ, ಹಾಲು ಕಂಡರೆ ವಾಕರಿಕೆ. ಮಧ್ಯಾಹ್ನ ನಾನು ಡಬ್ಬಿ ತೆರೆಯುವುದೇ ಬೇಡವೆಂದು ಕೂತಿದ್ದೆ. ನೀರು ಕುಡಿದು ಬರುವಷ್ಟರಲ್ಲಿ ಅವಳು ಅದನ್ನು ತೆರೆದು ಅರ್ಧ ತಿಂದು ಮುಗಿಸಿದ್ದಳು. ತುಟಿಗೆ ಎಣ್ಣೆ ಅಂಟಿತ್ತು.

"ಇದೇನೇ ಇದು, ಇಂಗಿನ ಬ್ರೆಡ್ಡಾ? ಸೂಪರ್ ಇದೆ. ನಾಳೇನೂ ತಾರೇ."

ನಾನು ಗೋಣಾಡಿಸಿದೆ. ಉಳಿದರ್ಧವನ್ನೂ ಅವಳೇ ತಿಂದಳು. ಅವಳಿಗೆ ಈಗಲೇ ಹೊಟ್ಟೆನೋವು ಬರಬಹುದು, ವಾಂತಿಯಾಗಬಹುದು, ದೇವರು ಏನಾದರೂ ಮಾಡಬಹುದು ಎಂದು ಇಡೀ ಮಧ್ಯಾಹ್ನ ಅವಳನ್ನೇ ನೋಡುತ್ತಾ ಕೂತೆ. ಅವಳು ಆಟದ ಪೀರಿಯಡ್ಡಿನಲ್ಲಿ ಎಂದಿಗಿಂತ ಜೋರಾಗಿ ಓಡಿದಳು. ಸಂಜೆ ಅಮ್ಮನಿಗೆ ಹೇಳಿದಾಗ ಅವಳು ಬೈಯಲಿಲ್ಲ. ನೆಲದ ಮೇಲೆ ಕೂತು ನನ್ನ ಡಬ್ಬಿಯನ್ನು ಕಡಲೆಹಿಟ್ಟು ಹಾಕಿ ಎರಡು ಸಲ ಉಜ್ಜಿದಳು.

ಮಾನಸ ಮರೆಯಲಿಲ್ಲ. ಅಜ್ಜಿಯ ಪ್ರಾಣ ತಿಂದಳು. ಆ ವಾರದ ಕೊನೆಗೆ ಪಾರ್ವತಮ್ಮ ಬಟ್ಟಲಿಲ್ಲದೆ, ಬರಿಗೈಯಲ್ಲಿ ಬಂದು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು.

"ಜಯಾ, ನಾಚ್ಕೆ ಬಿಟ್ಟು ಕೇಳ್ತಿದೀನಿ. ಈ ಹುಡುಗಿ ಏನೂ ತಿನ್ನಲ್ಲ ಮಾರಾಯ್ತಿ. ನಿಮ್ಮನೆ ಇಂಗಿನ ಬ್ರೆಡ್ಡು, ಇಂಗಿನ ಬ್ರೆಡ್ಡು ಅಂತ ಒಂದೇ ಜಪ. ಭಾನುವಾರ ನಮ್ಮನೆಗೆ ಬಂದು ಅದನ್ನ ಹೆಂಗೆ ಮಾಡೋದು ಅಂತ ತೋರ್ಸ್ಕೊಡು. ನನ್ನ ಅಡುಗೆಮನೇಲೇ ಮಾಡು."

ಬಾಡಿಗೆಯವರನ್ನು ಪಾರ್ವತಮ್ಮ ತಮ್ಮ ಅಡುಗೆಮನೆಯೊಳಗೆ ಬಿಟ್ಟುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಅಮ್ಮ ಹೂಂ ಎಂದಳು. ಅವರು ಹೋದ ಮೇಲೆ ಮಿಕ್ಸಿ ಶುರುವಾಯಿತು. ಅಪ್ಪನೇ ದಾರಿ ಹುಡುಕಿದ. ಕಡಲೆಹಿಟ್ಟು ಕಲಸಿ, ಅರಿಶಿನ ಹಾಕಿ, ಇಂಗು ಜಾಸ್ತಿ ಮಾಡಿ, ಬ್ರೆಡ್ಡು ಅದ್ದಿ ಬೇಯಿಸಿಬಿಡು, ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂದ. ಶನಿವಾರ ಅಮ್ಮ ಎರಡು ಸಲ ಮಾಡಿ ನೋಡಿದಳು. ಬಣ್ಣ ಅದೇ ಬಂತು, ವಾಸನೆಯೂ ಹೆಚ್ಚುಕಮ್ಮಿ ಅದೇ. ತಿಂದ ಅಪ್ಪ ಪಾಸು ಎಂದ. ನನ್ನನ್ನು ಕೇಳಿದಾಗ ನಾನೂ ಪಾಸು ಎಂದೆ. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಪಾರ್ವತಮ್ಮನ ಅಡುಗೆಮನೆಯಲ್ಲಿ ನಾವು ನಾಲ್ವರು. ಉಜ್ಜಿ ಉಜ್ಜಿ ಹೊಳೆಯುವ ಹಿತ್ತಾಳೆ ಡಬ್ಬಿಗಳ ಸಾಲು, ಒಲೆಯ ಹಿಂದಿನ ಗೋಡೆಗೆ ವಿಭೂತಿಯ ಪಟ್ಟೆ. ಮಾನಸ ಕಟ್ಟೆಯ ಮೇಲೆ ಹತ್ತಿ ಕೂತು ಕಾಲಾಡಿಸುತ್ತಿದ್ದಳು. ಅಮ್ಮ ನನ್ನ ಕಡೆ ನೋಡದೆ ಹಿಟ್ಟು ಕಲಸಿದಳು. ಪಾರ್ವತಮ್ಮ ಪಕ್ಕದಲ್ಲಿ ನಿಂತು ಒಂದೊಂದನ್ನೂ ಕೇಳಿ ತಿಳಿದುಕೊಂಡರು. ಮೊದಲ ತುಂಡನ್ನು ತಾವೇ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಎಷ್ಟು ಚೆನ್ನಾಗಿದೆ! ಇಷ್ಟು ಸುಲಭ ಅಂತ ಗೊತ್ತೇ ಇರ್ಲಿಲ್ಲ. ತಗೋ ಮಾನಸ, ನಿನ್ನ ಇಂಗಿನ ಬ್ರೆಡ್ಡು."

ಮಾನಸ ಕಚ್ಚಿದಳು. ಅಗಿದಳು. ಬ್ರೆಡ್ಡನ್ನು ಬಿಡಿಸಿ ಒಳಗೆ ನೋಡಿದಳು.

"ಇದಲ್ಲ ಅಜ್ಜಿ."

"ಯಾವುದಲ್ಲ?"

"ಆವತ್ತಿಂದು ಇದಲ್ಲ. ಅದು ಮೆತ್ತಗಿತ್ತು. ಒಳಗೆ ಹಳದಿ ಪದರ ಇತ್ತು. ಇದು ಬರೀ ಬಜ್ಜಿ."

ಪಾರ್ವತಮ್ಮನ ಮುಖ ಸಣ್ಣದಾಯಿತು. ಅವರಿಗೆ ಮೊಮ್ಮಗಳ ಹಟಕ್ಕಿಂತ ಅಮ್ಮನಿಗಾಗುವ ಬೇಸರವೇ ದೊಡ್ಡದಾಗಿ ಕಂಡಿರಬೇಕು.

"ತಿನ್ನದೇ ಇರೋಕೆ ನೆಪ ಇದು. ರಜಾ ದಿನ ಬಂದು ನಿನಗೋಸ್ಕರ ಮಾಡ್ಕೊಟ್ಟಿದಾಳೆ, ಅವಳ ಎದುರಿಗೇ ಸುಳ್ಳು ಹೇಳ್ತೀಯಾ?"

"ಸುಳ್ಳಲ್ಲ ಅಜ್ಜಿ, ದೇವರಾಣೆ ಇದಲ್ಲ."

ದೇವರಾಣೆ ಎಂದದ್ದೇ ತಪ್ಪಾಯಿತು. ಪಾರ್ವತಮ್ಮನ ಕೈ ಛಟೀರೆಂದು ಅವಳ ಕೆನ್ನೆಗೆ ಬಿತ್ತು. ಆ ಮನೆಯಲ್ಲಿ ನಾನು ಏಟಿನ ಸದ್ದು ಕೇಳಿದ್ದು ಅದೇ ಮೊದಲು. ಮಾನಸ ಅಳುವುದನ್ನೂ ಮರೆತು ನನ್ನ ಕಡೆಗೆ ತಿರುಗಿದಳು.

"ಸುಮಾ, ನೀನೇ ಹೇಳೆ. ಅದು ಇದಲ್ಲ ಅಲ್ವಾ?"

ನಾನು ಅಮ್ಮನನ್ನು ನೋಡಿದೆ. ಸುಮ್ಮನಿರಮ್ಮ, ಇನ್ನೊಂದು ಚೂರು ಸುಮ್ಮನಿದ್ದರೆ ಮುಗಿದುಹೋಗುತ್ತದೆ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ನಿಜಕ್ಕೂ ಮುಗಿದುಹೋಗುತ್ತಿತ್ತು. ಮಾನಸ ಅತ್ತು ಸುಮ್ಮನಾಗುತ್ತಿದ್ದಳು, ಮನೆ ಉಳಿಯುತ್ತಿತ್ತು. ಪಾರ್ವತಮ್ಮ, ಅವಳನ್ನ ಬೇರೆ ಸುಳ್ಳಿಗೆ ಎಳೀತೀಯಾ ಎಂದು ಮತ್ತೆ ಕೈಯೆತ್ತಿದರು. ಅಮ್ಮ ಒಲೆ ಆರಿಸಿದಳು.

"ಹೊಡೀಬೇಡಿ ಪಾರ್ವತಮ್ಮ. ಮಗು ನಿಜ ಹೇಳ್ತಿದೆ. ಆವತ್ತು ಅವಳು ತಿಂದಿದ್ದು ಮೊಟ್ಟೆ."

ಪಾರ್ವತಮ್ಮ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತರು. ಬಾಣಲೆ ನೋಡಿದರು, ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು. ಅವರು ಕಿರುಚುತ್ತಾರೆ ಎಂದು ನಾನು ಕಾದೆ. ಅವರ ದನಿ ಬಹಳ ಮೆಲ್ಲಗೆ ಬಂತು.

"ಎಷ್ಟು ದಿನದಿಂದ?"

"ಸುಮಾಗೆ ಟೈಫಾಯ್ಡ್ ಬಿಟ್ಟಾಗಿಂದ. ದಿನಾ. ಡಾಕ್ಟ್ರು ಹೇಳಿದ್ರು."

"ನಾನು ಪೂಜೆಗೆ ಕೂತಾಗ?"

"ಹೌದು."

ಪಾರ್ವತಮ್ಮ ಮಾನಸಳನ್ನು ಕಟ್ಟೆಯಿಂದ ಇಳಿಸಿ, ಹಿತ್ತಲ ನಲ್ಲಿಗೆ ಕರೆದುಕೊಂಡು ಹೋಗಿ, ಅವಳ ಬಾಯಿ ತೊಳೆಸಿದರು. ಮತ್ತೆ ಮತ್ತೆ ತೊಳೆಸಿದರು, ಅವಳು ಸಾಕು ಅಜ್ಜಿ ಎನ್ನುವವರೆಗೆ. ನಾವು ನಮ್ಮ ಮನೆಗೆ ಬಂದೆವು. ಅಮ್ಮನ ಕೈಗೆ ಕಡಲೆಹಿಟ್ಟು ಮೆತ್ತಿದ್ದು ಒಣಗಿ ಬಿರುಕುಬಿಟ್ಟಿತ್ತು.

ಸಂಜೆ ಮಹದೇವಪ್ಪನವರು ಬಂದರು. ಹೊಸ್ತಿಲ ಆಚೆಯೇ ನಿಂತರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅಪ್ಪನಿಗೆ ತಲೆಯೆತ್ತಲು ಆಗಲಿಲ್ಲ.

"ಬೇಜಾರು ಮಾಡ್ಕೋಬೇಡಿ. ನಾನು ದೇವರ ಹೆಸರು ಕೇಳ್ದೆ, ನೀವು ದೇವರ ಹೆಸರು ಹೇಳಿದ್ರಿ. ನಾನು ಸರಿಯಾಗಿ ಕೇಳ್ಬೇಕಿತ್ತು. ಬೇರೆ ಮನೆ ಸಿಗೋ ತನಕ ಇರಿ. ಸ್ವಲ್ಪ ಬೇಗ ನೋಡ್ಕೊಳ್ಳಿ."

ಆವತ್ತು ಮಿಕ್ಸಿ ಹಾಕಲಿಲ್ಲ. ಅಪ್ಪ ಆ ಮನೆಯಲ್ಲಿ ಮೊದಲ ಬಾರಿಗೆ ಗಂಟಲು ಬಿಚ್ಚಿ ಮಾತಾಡಿದ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಏನಾಗುತ್ತಿತ್ತು, ಒಂದು ಏಟಿಗೆ ಮಕ್ಕಳು ಸಾಯುತ್ತವೆಯೇ, ಇನ್ನು ಎಷ್ಟು ಗೇಟುಗಳ ಮುಂದೆ ನಿಲ್ಲಬೇಕು, ನಿನ್ನ ಮಗಳ ಗತಿ ಏನು ಎಂದೆಲ್ಲ ಕೂಗಿದ. ಅಮ್ಮ ಒಂದೇ ಮಾತು ಹೇಳಿದಳು.

"ಆ ಮಗು ನಿಜ ಹೇಳಿ ಏಟು ತಿಂತಿತ್ತು ರೀ. ನನ್ನ ಕಣ್ಣೆದುರಿಗೆ."

ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋದವನು ಊಟದ ಹೊತ್ತಿಗೆ ಬಂದ. ನನಗೆ ಅಮ್ಮನ ಮೇಲೆ ಸಿಟ್ಟಿತ್ತು. ಅವಳ ಪಕ್ಕದಲ್ಲಿ ಮಲಗುವಾಗ ಗೋಡೆಯ ಕಡೆಗೆ ತಿರುಗಿಕೊಂಡೆ. ಅಷ್ಟು ದಿನ ಬಾಗಿಲ ಬಳಿ ನಿಂತು ಕಾವಲು ಕಾದವಳು ನಾನು, ಅದನ್ನೆಲ್ಲ ಅವಳು ಒಂದು ಮಾತಿನಲ್ಲಿ ಹಾಳುಮಾಡಿದಳು ಎಂದು ನನ್ನ ಲೆಕ್ಕ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಮಾತು ಹೇಳುತ್ತಿದ್ದೆನೇ ಎಂದು ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ. ಅಷ್ಟು ಧೈರ್ಯ ನನಗೆ ಅವಳಿಂದ ಬಂದಿಲ್ಲ ಎಂದೇ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಆಚೆ ಮನೆಯಲ್ಲಿ ಪೂಜೆ ಇನ್ನೂ ಶುರುವಾಗಿರಲಿಲ್ಲ. ಅಮ್ಮ ಒಲೆ ಹಚ್ಚಿ, ಉಳಿದಿದ್ದ ಮೊಟ್ಟೆಗಳನ್ನು ತೆಗೆದಳು. ಹಿತ್ತಲ ಬಾಗಿಲು ತೆರೆದಿತ್ತು. ಮುಚ್ಚಲು ಹೋದ ನನ್ನನ್ನು, ಬಿಡು, ಸೆಕೆ ಎಂದು ತಡೆದಳು. ಅಭ್ಯಾಸಬಲದಿಂದ ಇಂಗು ಹಾಕಿದಳು, ಮೊಟ್ಟೆ ಸುರಿದಳು, ಬ್ರೆಡ್ಡು ಇಟ್ಟಳು. ನಲ್ಲಿಯ ಬಳಿ ಮಾನಸ ಹಲ್ಲುಜ್ಜುತ್ತಿದ್ದಳು. ಅವಳು ಬ್ರಷ್ಷು ಬಾಯಿಂದ ತೆಗೆದು, ಮೂಗು ಮೇಲೆತ್ತಿ ನಿಂತಳು.

"ಅಜ್ಜೀ! ಇದೇ! ಆವತ್ತಿನ ವಾಸನೆ ಇದೇ! ನೋಡು, ನಾನು ಸುಳ್ಳು ಹೇಳಿರ್ಲಿಲ್ಲ!"

ಪಾರ್ವತಮ್ಮ ಹೊರಗೆ ಬಂದರು. ನಮ್ಮ ಬಾಗಿಲ ಕಡೆ ನೋಡಲಿಲ್ಲ. ಹಿಂದಿನ ದಿನ ಹೊಡೆದ ಕೆನ್ನೆಯ ಮೇಲೆ ಪೇಸ್ಟಿನ ನೊರೆ ಹತ್ತಿತ್ತು, ಅದನ್ನು ಸೆರಗಿನಿಂದ ಒರೆಸಿದರು.

"ಗೊತ್ತಾಯ್ತು ಕಣವ್ವಾ. ನೀನು ಹೇಳಿದ್ದೇ ನಿಜ. ಬಾ, ಒಳಗೆ ಬಾ."

ಇಬ್ಬರೂ ಒಳಗೆ ಹೋದರು. ಅಮ್ಮ ನನ್ನ ಮುಂದೆ ತಟ್ಟೆ ಇಟ್ಟಳು. ನಾನು ಒಂದು ತುತ್ತು ಬಾಯಿಗೆ ಹಾಕಿಕೊಂಡು, ಅಗಿಯದೆ, ಹಿತ್ತಲ ಕಡೆಗೇ ಕಿವಿಯಿಟ್ಟು ಕೂತಿದ್ದೆ. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಿಧಾನಕ್ಕೆ ತಿನ್ನು ಸುಮಾ. ಇನ್ನು ಯಾರೂ ಬರಲ್ಲ."

ಆ ಮನೆಯಲ್ಲಿ ನಾವಿದ್ದ ಉಳಿದ ದಿನಗಳಲ್ಲಿ ನಮ್ಮ ಹಿತ್ತಲ ಬಾಗಿಲಿನಿಂದ ಯಾರೂ ಬರಲಿಲ್ಲ.